ಚೊಚ್ಚಲ ಹತ್ತಿಯ ಅಂಗಿ

ಆದವಾನಿಯಿಂದ ಉತ್ತರದ ಕ್ಷೇತ್ರಗಳಿಗೆ ಯಾರಾದರೂ ಹೊರಟರೆಂದು ತಿಳಿದರೆ, ಹೊರಡುವ ಹಿಂದಿನ ದಿನ ಅವರ ಮನೆಗೆ ಒಬ್ಬ ಹಿರಿಯ ತಾಯಿ ಮಡಿಸಿದ ಕರಿಯ ಕಂಬಳಿಯೊಂದನ್ನು ತೋಳಿನ ಮೇಲೆ ಹಾಕಿಕೊಂಡು ಬರುತ್ತಿದ್ದರು. ಜಾತಿ ಕೇಳುತ್ತಿರಲಿಲ್ಲ; ಪರಿಚಯ ಬೇಕೆನ್ನುತ್ತಿರಲಿಲ್ಲ; ಕುಳಿತುಕೊಳ್ಳಿರೆಂದರೆ ಕುಳಿತುಕೊಳ್ಳುತ್ತಲೂ ಇರಲಿಲ್ಲ. ಕಂಬಳಿಯನ್ನು ಹೊಸಿಲಿನ ಒಳಗಿಟ್ಟು, "ನೆಂದ್ರೂ ಇದು ಮನಷ್ಯಾನ ಕೈ ಬಿಡಂಗಿಲ್ಲ. ಒಯ್ರಿ," ಎಂದು ಹೇಳಿ ತಿರುಗಿ ನಡೆದುಬಿಡುತ್ತಿದ್ದರು. ಕಾರಣವನ್ನು ಅರಿಯದವರು ಅದೊಂದು ಹರಕೆಯಿರಬೇಕೆಂದು ಭಾವಿಸಿ ಕೈಮುಗಿಯುತ್ತಿದ್ದರು. ಅರಿತವರು ಅವರ ಮೈದುನರು ಮತ್ತು ನಾನು, ಇಬ್ಬರೇ. ಮೈದುನರು ಎಂದೋ ಶಿವಪಾದವನ್ನು ಸೇರಿದರು. ಕಳೆದ ಮಾಘದಲ್ಲಿ ಆ ತಾಯಿಯೂ ಲಿಂಗೈಕ್ಯರಾದರು.

ನಮ್ಮ ಸಂಪ್ರದಾಯದಂತೆ ಅವರನ್ನು ಸಮಾಧಿಯಲ್ಲಿ ಕುಳ್ಳಿರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಬೆರಳುಗಳನ್ನು ಮಡಿಸಿದವನು ನಾನು. ಅನೇಕರಿಗೆ ಆ ಕೊನೆಯ ಸೇವೆಯನ್ನು ಸಲ್ಲಿಸಿದ ಕೈಗಳಿವು. ಆದರೆ ಆ ಹೆಬ್ಬೆರಳನ್ನು ಮುಟ್ಟಿದಾಗ ಒಂದು ಕ್ಷಣ ತಡೆದು ನಿಂತೆ. ಜೀವಮಾನವೆಲ್ಲ ಹತ್ತಿಯ ಎಳೆಯನ್ನು ಜಗ್ಗಿ ಜಗ್ಗಿ ಅದರ ತುದಿ ನದಿಯ ಕಲ್ಲಿನಂತೆ ನುಣುಪಾಗಿತ್ತು. ಅವರ ಹೆಸರನ್ನು ಇಲ್ಲಿ ಬರೆಯಲಾರೆ. ತಮ್ಮ ಹೆಸರು ನಾಲ್ಕು ಜನರ ಬಾಯಲ್ಲಿ ಓಡಾಡುವುದನ್ನು ಅವರು ಎಂದೂ ಇಷ್ಟಪಟ್ಟವರಲ್ಲ.

ಅವರದು ಹತ್ತಿ ವ್ಯಾಪಾರದ ಮನೆತನ. ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಹೋಗಿ, ಮೈದುನರು ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದರು. ಮನೆಯನ್ನು ಈ ತಾಯಿ ನಡೆಸುತ್ತಿದ್ದರು. ಆದರೂ ನಂದವರಂ ಕಡೆಯಿಂದಲೋ ಗೋನೆಗಂಡ್ಲದ ಕಡೆಯಿಂದಲೋ ಹತ್ತಿಯ ಬಂಡಿ ಬಂದು ನಿಂತಿತೆಂದರೆ, ಮೈದುನರು ಒಂದು ಹಿಡಿ ಅರಳೆಯನ್ನು ಒಳಕ್ಕೆ ಕಳಿಸುವರು. ಈ ತಾಯಿ ಅಡುಗೆಮನೆಯ ಬಾಗಿಲಲ್ಲೇ ನಿಂತು ಅದನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಎಳೆ ಎಷ್ಟು ತಾಳುತ್ತದೆಂದು ಮೆಲ್ಲನೆ ಜಗ್ಗಿ ನೋಡುವರು. "ಚಲೋ ಐತಿ, ಇಳಿಸ್ಕೋ," ಎಂದರೆ ಇಳಿಸಿಕೊಳ್ಳುವುದು. ಅದೇ ಬೆರಳಿನ ಅಭ್ಯಾಸ ಮಾತಿಗೂ ಹತ್ತಿಕೊಂಡಿತ್ತು. ಯಾರಾದರೂ ಉದ್ದುದ್ದ ಹೇಳತೊಡಗಿದರೆ ಬರಿಗೈಯಲ್ಲೇ ಎಳೆ ಜಗ್ಗುವಂತೆ ಮಾಡಿ, "ಹರಿತು ನೋಡಪಾ ನಿನ್ನ ಮಾತು," ಎಂದು ನಕ್ಕುಬಿಡುತ್ತಿದ್ದರು. ನನ್ನ ಪುರಾಣಪ್ರವಚನದ ನಡುವೆಯೂ ಒಮ್ಮೆ ಹಾಗೆ ಜಗ್ಗಿದ್ದುಂಟು. ಆಮೇಲೆ ತಾವೇ ನಾಲಗೆ ಕಚ್ಚಿಕೊಂಡು ನಮಸ್ಕರಿಸಿದರು.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಅನ್ನ ಕೊಡುವ ಹತ್ತಿಯನ್ನು ಬಿಟ್ಟು ಬೇರೆ ನೂಲನ್ನು ಮೈಮೇಲೆ ಹಾಕಬಾರದು. ಮದುವೆಗೂ ರೇಷ್ಮೆಯಿಲ್ಲ, ಚಳಿಗೂ ಉಣ್ಣೆಯಿಲ್ಲ. ಬೇರೆಲ್ಲ ಮನೆಗಳಲ್ಲಿ ಜಂಗಮನಾದ ನನಗೆ ಕಂಬಳಿಯನ್ನು ಹಾಸಿ ಕುಳ್ಳಿರಿಸುತ್ತಿದ್ದರು. ಅಲ್ಲಿ ಮಾತ್ರ ಬಿಳಿಯ ದುಪ್ಪಟಿ. ಅವರ ಸ್ವಂತ ಹೊಲದಲ್ಲಿ ಮೊದಲು ಒಡೆದ ಕಾಯಿಗಳ ಅರಳೆಗೆ ಚೊಚ್ಚಲ ಹತ್ತಿಯೆಂದು ಹೆಸರು. ಅದನ್ನು ಮಾರುತ್ತಿರಲಿಲ್ಲ. ಕಾಳು ತೆಗೆಸಿ, ಪಿಂಜಾರನಿಂದ ಹಿಂಜಿಸಿ, ದೇವರ ಬತ್ತಿಗೆ ಸ್ವಲ್ಪ, ಮನೆಯಲ್ಲಿ ಹುಟ್ಟುವ ಕೂಸಿನ ಕೌದಿಗೆ ಸ್ವಲ್ಪ ಎಂದು ಗಡಿಗೆಯಲ್ಲಿ ತೆಗೆದಿಡುತ್ತಿದ್ದರು. ಆ ತಾಯಿಗೆ ಹುಟ್ಟಿದ್ದು ಒಬ್ಬನೇ ಮಗ. ಅವನ ಕೌದಿ ಹರಿದುಹೋದ ಮೇಲೂ ಪ್ರತಿ ಸುಗ್ಗಿಗೆ ಆ ಗಡಿಗೆ ತುಂಬುತ್ತಲೇ ಇತ್ತು.

ಆ ಹುಡುಗ ನನ್ನ ಬಳಿ ಸಂಸ್ಕೃತ ಓದಿದವನು. ಶ್ಲೋಕಕ್ಕಿಂತ ಅದರಲ್ಲಿ ಬರುವ ಊರುಗಳ ಮೇಲೆ ಅವನಿಗೆ ಆಸೆ ಹೆಚ್ಚು. ಕೇದಾರದ ವರ್ಣನೆ ಬಂದಾಗ, "ಗುರುಗಳ, ಅಲ್ಲಿ ಅರ್ಚಕರು ನಮ್ಮ ಕಡೆಯೋರ ಅಂತ ಹೌದೇನ್ರಿ? ಅಷ್ಟು ದೂರ ಹೋಗಿ ಕನ್ನಡದಾಗ ಮಾತಾಡಬಹುದೇನ್ರಿ?" ಎಂದು ಕಣ್ಣರಳಿಸಿ ಕೇಳುತ್ತಿದ್ದ. ಹೌದೆಂದಿದ್ದೆ. ಮೀಸೆ ಮೂಡಿದ ಮೇಲೆ ಒಂದು ವರ್ಷ ಚಿಕ್ಕಪ್ಪನನ್ನು ಕಾಡಿ ಬೇಡಿ ಕರೆದುಕೊಂಡು ಹೊರಟೇಬಿಟ್ಟ. ತಾಯಿ ಅವನಿಗಾಗಿ, ಗಡಿಗೆಯಲ್ಲಿದ್ದ ಚೊಚ್ಚಲ ಹತ್ತಿಯನ್ನೆಲ್ಲ ತುಂಬಿ, ಮೊಣಕಾಲು ಮುಟ್ಟುವ ಒಂದು ದಪ್ಪ ಅಂಗಿಯನ್ನು ಹೊಲಿದರು. ಮುಂದೆ ಗುಂಡಿಯ ಬದಲು ಎಳೆದು ಕಟ್ಟುವ ಕಸೆ; ಒಳಗೆ ಸಾಲುಸಾಲಾಗಿ ಕೌದಿಯ ಹೊಲಿಗೆ. ಅದನ್ನು ತೊಟ್ಟು ಅವನು ಓಣಿಯಲ್ಲಿ ನಡೆದಾಗ ನೆರೆಯ ಹುಡುಗಿಯರು, "ಹತ್ತಿ ಮೂಟಿಗೆ ಕಾಲು ಬಂದಾವ ನೋಡ್ರೇ!" ಎಂದು ನಗೆಯಾಡಿದ್ದು ನನಗೆ ನೆನಪಿದೆ. ತಾಯಿ ಮಾತ್ರ ಕಸೆಯನ್ನು ತಮ್ಮ ಕೈಯಾರೆ ಬಿಗಿದು, "ಚಳಿ ಅಂಬೋದು ಇದರೊಳಗ ಹೊಗಾಕ ದಾರೀನ ಇಲ್ಲ," ಎಂದಿದ್ದರು.

ಕೇದಾರದ ದರ್ಶನವಾಯಿತು. ಹಿಂದಿರುಗುವಾಗ ಉಖೀಮಠದಿಂದ ಮೇಲಿನ ದಾರಿ ಹಿಡಿದು ತುಂಗನಾಥಕ್ಕೆ ಹತ್ತುತ್ತಿದ್ದರಂತೆ. ಅದು ಕೇದಾರಕ್ಕಿಂತ ಎತ್ತರದ ಸ್ಥಳ. ಮಳೆ ಹಿಡಿಯಿತು, ಮಳೆ ಆಲಿಕಲ್ಲಾಯಿತು. ಹುಡುಗನಿಗೆ ಚಳಿ ಬಡಿದು, ಯಾತ್ರಿಕರು ತಂಗುವ ಕಲ್ಲಿನ ಚಟ್ಟಿಯೊಂದರಲ್ಲಿ ಬೆಳಗಾಗುವಷ್ಟರಲ್ಲಿ ಪ್ರಾಣ ಹೋಯಿತು. ಜೊತೆಗಿದ್ದವರು ಅಲ್ಲಿಯ ಹುಲ್ಲುಗಾವಲಿನ ಅಂಚಿನಲ್ಲೇ ವಿಧಿಪೂರ್ವಕವಾಗಿ ಸಮಾಧಿ ಮಾಡಿ, ಮೇಲೆ ಕಲ್ಲು ಒಟ್ಟಿ ಬಂದರು. ಮೈದುನರು ತಿರುಗಿ ಬಂದು ಹೇಳಿದ್ದು ಇಷ್ಟು. ತಾಯಿ ಕೇಳಿದ್ದು ಎರಡೇ ಮಾತು. "ಕೈಯಾಗ ಲಿಂಗ ಇಟ್ರೇನಪಾ?" "ಇಟ್ಟೀವ್ರಿ ಅತ್ತಿಗೀ." "ಅಂಗಿ ಮೈಮ್ಯಾಲ ಇತ್ತೇನು?" "ಇತ್ರಿ." ಅಷ್ಟರಿಂದ ಅವರಿಗೆ ಏನೋ ಒಂದು ಸಮಾಧಾನವಾದಂತೆ ಕಂಡಿತು. ಚೊಚ್ಚಲ ಹತ್ತಿಯನ್ನು ಹೊದ್ದೇ ಮಗ ಮಣ್ಣಿಗೆ ಹೋದನೆಂಬ ಸಮಾಧಾನ.

ಅದಾಗಿ ಕೆಲವು ವರ್ಷಗಳಿಗೆ, ನಮ್ಮ ತಾಲೂಕು ಬಳ್ಳಾರಿಯಿಂದ ಕಳಚಿ ಆಂಧ್ರಕ್ಕೆ ಸೇರಿದ ಮರುವರ್ಷ, ಒಂದು ಶ್ರಾವಣ ಸೋಮವಾರ ಪೂಜೆ ಮುಗಿಸಿ ಪಾದೋದಕ ಕೊಡುತ್ತಿದ್ದಾಗ ಅವರು ತಲೆಯೆತ್ತದೆಯೇ ಹೇಳಿದರು: "ಅಯ್ಯನೋರ, ಬರೋ ಬ್ಯಾಸಿಗಿ ಕಡೀಕ ನಾ ಕೇದಾರಕ್ಕ ಹೋಗಾಕಿ. ನಡಕೊಂತ."

ವಯಸ್ಸು ಐವತ್ತರ ಹತ್ತಿರ. ಮನೆಯಿಂದ ಗುಡಿಗೆ, ಗುಡಿಯಿಂದ ಮನೆಗೆ ನಡೆದ ಕಾಲುಗಳು. ಕಂಡಿ, ದಂಡಿಗಳೆಂದು ಮನುಷ್ಯರೇ ಹೊತ್ತೊಯ್ಯುವ ಬುಟ್ಟಿ ಕುರ್ಚಿಗಳಿವೆಯೆಂದೆ. "ಅವನ ಹತ್ರ ಹೋಗಾಕ ಇನ್ನೊಬ್ಬರ ಹೆಗಲ ಮ್ಯಾಲ ಕುಂದರ್ಲೇನ್ರಿ?" ಎಂದರು. ಆಮೇಲೆ ತಡೆದು, "ಪುರಾಣದಾಗ ಕೇದಾರದ ಚಳಿ ಬಗ್ಗೆ ಏನರ ಬರದಾರೇನ್ರಿ?" ಎಂದು ಕೇಳಿದರು. ಮಹಿಮೆಯನ್ನು ಬರೆದಿದ್ದಾರೆ, ಫಲವನ್ನು ಬರೆದಿದ್ದಾರೆ. ಚಳಿಯನ್ನು ಬರೆದದ್ದು ನಾನು ಕಾಣೆನೆಂದೆ.

ಹಾಗಾಗಿ ಚಳಿಯನ್ನು ಬಲ್ಲ ಒಬ್ಬರನ್ನು ಕರೆಸಬೇಕಾಯಿತು. ಗೋನೆಗಂಡ್ಲದಲ್ಲಿ ಸೈನ್ಯದಿಂದ ನಿವೃತ್ತರಾಗಿ ಬಂದ ಒಬ್ಬ ಹವಾಲ್ದಾರ್ ಸಾಹೇಬರಿದ್ದರು. ಆ ಪರ್ವತಸೀಮೆಯಲ್ಲಿ ಬಹುಕಾಲ ಇದ್ದವರು. ಹತ್ತಿ ಹಾಕಲು ಈ ಮನೆಗೇ ಬರುತ್ತಿದ್ದವರು. ದೊಡ್ಡ ದನಿ, ದೊಡ್ಡ ನಗೆ, ಗೋರಂಟಿಯ ಗಡ್ಡ. ಹುಡುಗನ ಸುದ್ದಿ ಅವರಿಗೆ ತಿಳಿದದ್ದು ಇಷ್ಟೇ: ಯಾವುದೋ ಯಾತ್ರೆಯಲ್ಲಿ ಜ್ವರ ಬಂದು ತೀರಿಹೋದನೆಂದು. ಓಣಿಗೆಲ್ಲ ಮೈದುನರು ಹಾಗೆಯೇ ಹೇಳಿದ್ದರು.

ಸಾಹೇಬರು ಪಡಸಾಲೆಯ ನೆಲದ ಮೇಲೆ ಜೋಳದ ಕಾಳಿನಿಂದ ದಾರಿಯನ್ನು ಬರೆದರು. ಹರದ್ವಾರಕ್ಕೊಂದು ಬೆಲ್ಲದ ಹೆಂಟೆ, ನದಿಗೆ ಒಂದು ಹಗ್ಗ, ಕೇದಾರಕ್ಕೆ ತುಂಬಿದ ತಂಬಿಗೆ. ಬಲಗಡೆ ಸ್ವಲ್ಪ ದೂರದಲ್ಲಿ ಒಂದು ಹಿತ್ತಾಳೆಯ ಬಟ್ಟಲನ್ನು ಬೋರಲು ಹಾಕಿದರು.

"ಇದ್ಯಾವ್ದು ಸಾಬ್ರ, ಬೋರಲು ಹಾಕೀರಿ?"

"ಅದು ತುಂಗನಾಥ ಅಮ್ಮಾ. ಭಾಳ ಎತ್ರ. ನಿಮ್ಮಂಥ ಸಾಹುಕಾರ್ರಿಗೂ ಅಲ್ಲಿ ಉಸ್ರು ಉದ್ರಿ ಸಿಗಂಗಿಲ್ಲ. ಒಂದೊಂದ ಉಸ್ರಿಗೂ ನಗದು ಕೊಡಬೇಕು!" ಎಂದು ತಮ್ಮ ಮಾತಿಗೆ ತಾವೇ ನಕ್ಕರು.

ಮೈದುನರು ಬಾಗಿ ಆ ಬಟ್ಟಲನ್ನು ಎತ್ತಿ ಪಕ್ಕಕ್ಕಿಟ್ಟರು. "ಅದು ಬ್ಯಾಡ ಬಿಡ್ರಿ ಸಾಬ್ರ. ಅತ್ತಿಗೀ, ಕೇದಾರ ಮುಟ್ಟಿ, ಹೋದ ದಾರೀಲೇ ಕೆಳಗಿಳಿದ್ರ ಆತು. ರುದ್ರಪ್ರಯಾಗದಾಗ ಮೋಟಾರು ಸಿಗ್ತಾವ. ಚಟ್ಟಿನೂ ಹತ್ರ ಹತ್ರ ಅದಾವ. ಮ್ಯಾಲಿನ ದಾರಿ ಹೆಣ್ಮಕ್ಳಿಗಲ್ಲ."

"ನೀ ಯಾಕಪಾ ಇಷ್ಟು ಹೆದರ್ತಿ?"

"ನಿಮ್ಮ ಸಲುವಾಗಿ ಹೇಳ್ತೀನ್ರಿ."

ತಾಯಿ ಬಟ್ಟಲನ್ನು ತೆಗೆದುಕೊಂಡು, ಇದ್ದ ಜಾಗದಲ್ಲೇ ಮತ್ತೆ ಬೋರಲು ಹಾಕಿದರು. "ಕೇದಾರದಾಗ ಇರೋ ದೇವ್ರು ಎಲ್ಲಾ ಕಡಿ ಅದಾನ ತಮ್ಮಾ. ಪೂಜಿ ಮಾಡಿದ್ರ ನನ್ನ ಅಂಗೈಯಾಗೂ ಅದಾನ. ನನ್ನ ಮಗ ಈ ಬಟ್ಲದ ಕೆಳಗ ಒಂದ ಕಡಿ ಅದಾನ."

ಸಾಹೇಬರು ಹೇಗೆ ಹೋದನೆಂದು ಕೇಳದೆ ಕಾಳುಗಳನ್ನು ಒಂದೊಂದಾಗಿ ಸರಿಸಿ, ತಂಬಿಗೆಯಿಂದ ಬಟ್ಟಲಿನವರೆಗೆ ಹೊಸದೊಂದು ಸಾಲು ಎಳೆದರು. ದಾರಿ ಗೊತ್ತಾಯಿತು.

ಮರುವಾರದಿಂದ ಆದವಾನಿಯ ಬೆಟ್ಟ ಅವರ ಪಾಠಶಾಲೆಯಾಯಿತು. ಹೊತ್ತು ಮೂಡುವ ಮೊದಲೇ, ಬೆನ್ನಿಗೆ ಹತ್ತಿಕಾಳಿನ ಚೀಲ ಕಟ್ಟಿಕೊಂಡು, ಕೋಟೆಯ ಕಡೆಗೆ ಹೋಗುವ ಕಲ್ಲುಮೆಟ್ಟಿಲುಗಳನ್ನು ಹತ್ತುವರು. ಮೊದಲು ಮೊದಲು ಅರ್ಧಕ್ಕೇ ಕುಳಿತುಬಿಡುತ್ತಿದ್ದರು. ಸೋಮವಾರ ಬಂದರೆ ಚೀಲಕ್ಕೆ ಒಂದು ಬೊಗಸೆ ಕಾಳು ಹೆಚ್ಚು. ಉಸಿರು ಹಿಡಿಯುವ ಉಪಾಯವನ್ನು ನನ್ನನ್ನು ಕೇಳಿದರು. ನಾನು ಪಂಚಾಕ್ಷರಿಯನ್ನು ಹೆಜ್ಜೆಗೊಂದು ಅಕ್ಷರದಂತೆ ಹೇಳಿಕೊಳ್ಳಲು ತಿಳಿಸಿದೆ. ಸಾಹೇಬರಿಗೆ ಅದು ಬಹಳ ಹಿಡಿಸಿತು. "ಬರಾಬರ್! ಯಾವಾಗ ನಿಮ್ಮ ದೇವ್ರ ಹೆಸ್ರು ನಡುವ ಕಡೀತದೋ, ಆವಾಗ ಕೂತ್ಬಿಡ್ರಿ ಅಮ್ಮಾ. ಅದಕ್ಕಿಂತ ಜೋರು ನಡೀಬಾರ್ದು," ಎಂದರು. ಶಾಸ್ತ್ರವೂ ಸೈನ್ಯವೂ ಒಪ್ಪಿದ ಮಾತೆಂದು ಆ ತಾಯಿ ಅದನ್ನು ಎಲ್ಲರಿಗೂ ಹೇಳಿ ನಗುತ್ತಿದ್ದರು. ಮಗ ಹೋದ ಮೇಲೆ ಅವರು ನಕ್ಕದ್ದನ್ನು ನಾನು ಕಂಡದ್ದು ಆ ತಿಂಗಳುಗಳಲ್ಲಿ ಮಾತ್ರ.

ಓಣಿ ಸುಮ್ಮನಿರುವುದುಂಟೆ? ಬೆಟ್ಟದ ಬುಡದಲ್ಲಿ ಸೊಪ್ಪು ಮಾರುವ ತೆಲುಗಿನ ಮುದುಕಿ ದಿನವೂ ಕೆಣಕುತ್ತಿದ್ದಳು: "ಏಮಮ್ಮಾ, ಕೊಂಡ ಮೀದ ಏಮುಂದಿ? ರೋಜೂ ಪೋತಾವು!" ಬೆಟ್ಟದ ಮೇಲೆ ಏನಿದೆಯೆಂದು ದಿನಾ ಹೋಗುತ್ತೀ ಎಂದು ಅವಳ ಪ್ರಶ್ನೆ. ಇವರೂ ತೆಲುಗಿನಲ್ಲೇ, "ಏಮೀ ಲೇದಮ್ಮಾ, ದಿಗೇದಿ ನೇರ್ಚುಕುಂಟುನ್ನಾ," ಎನ್ನುವರು. ಏನೂ ಇಲ್ಲವ್ವ, ಇಳಿಯುವುದನ್ನು ಕಲಿಯುತ್ತಿದ್ದೇನೆ. ಹತ್ತುವಾಗ ಎದೆ ಬೇಕು, ಇಳಿಯುವಾಗ ಮೊಣಕಾಲು ಬೇಕೆಂದು ಸಾಹೇಬರು ಹೇಳಿದ್ದರು. ಎದೆಯ ಬಗ್ಗೆ ಅವರಿಗೆ ಅಂಜಿಕೆಯಿರಲಿಲ್ಲ.

ಮನೆಯಲ್ಲಿಯೂ ಸಿದ್ಧತೆ ನಡೆದಿತ್ತು. ಖಟಿ ರೊಟ್ಟಿಯನ್ನು ಬಡಿದು ಒಣಗಿಸಿದರು. ಹುರಿಹಿಟ್ಟಿಗೆ ಬೆಲ್ಲ, ಮೆಣಸು, ಒಣಶುಂಠಿ ಸೇರಿಸಿದರು. ಕಾಲಿಗೊಂದು ಅಳತೆ ದೊಡ್ಡದಾದ ಕ್ಯಾನ್ವಾಸು ಬೂಟು ತರಿಸಿ, ಸೀರೆಯ ಕೆಳಗೆ ಅದನ್ನು ತೊಟ್ಟು, ಯಾರೂ ಇಲ್ಲದಾಗ ಹಿತ್ತಿಲಲ್ಲಿ ನಡೆದು ನೋಡುತ್ತಿದ್ದರಂತೆ. ಕೋಲಿಗೆ ಕಮ್ಮಾರನಿಂದ ಕಬ್ಬಿಣದ ಮೊನೆ ಹಾಕಿಸಿದರು. ಕೊನೆಯಲ್ಲಿ, ಆ ಸುಗ್ಗಿಯ ಚೊಚ್ಚಲ ಹತ್ತಿಯನ್ನು ಹಿಂಜಿಸಿ, ಮಗನಿಗೆ ಹೊಲಿದಂಥದೇ ಒಂದು ಅಂಗಿಯನ್ನು ತಮಗಾಗಿ ಹೊಲಿಯಲು ಕುಳಿತರು. ಅದೇ ಉದ್ದ, ಅದೇ ಕಸೆ, ಅದೇ ಸಾಲು ಹೊಲಿಗೆ. ಹೊಲಿಯುವಾಗ ನಾನು ಹೋದರೆ ಸೂಜಿ ನಿಲ್ಲಿಸುತ್ತಿರಲಿಲ್ಲ. "ಅವಂದು ಹೊಲಿಯುವಾಗ ತೋಳು ಒಂದಿಷ್ಟು ಗಿಡ್ಡ ಆಗಿತ್ರಿ. ಅಲ್ಲಿ ಹೋಗಿ ಬೈದಿರ್ತಾನ ನನಗ," ಎಂದರು ಒಮ್ಮೆ.

ಪುಷ್ಯಮಾಸದಲ್ಲಿ ಸಾಹೇಬರು ಹತ್ತಿ ಹಾಕಲು ಬಂದವರು, ಸಾಮಾನು ತೋರಿಸಿರೆಂದರು. ಪಡಸಾಲೆಯಲ್ಲಿ ಎಲ್ಲವನ್ನೂ ಹರವಿದ್ದಾಯಿತು. ನಾನಿದ್ದೆ, ಮೈದುನರಿದ್ದರು. ಸಾಹೇಬರು ಕೋಲನ್ನು ಕುಟ್ಟಿ ನೋಡಿದರು, ಹಿಟ್ಟನ್ನು ಬಾಯಿಗೆ ಹಾಕಿ ತಲೆದೂಗಿದರು, ಬೂಟಿನೊಳಗೆ ಕೈಹಾಕಿ "ಶಾಬಾಸ್" ಎಂದರು. ತಾಯಿಯ ಮುಖ ಪರೀಕ್ಷೆಯಲ್ಲಿ ತೇರ್ಗಡೆಯಾದ ಹುಡುಗಿಯದಾಗಿತ್ತು. ಕಡೆಗೆ ಸಾಹೇಬರು ಅಂಗಿಯನ್ನು ಎತ್ತಿಕೊಂಡರು.

"ಇದೇನಮ್ಮಾ?"

"ಚಳಿಗೆ ಸಾಬ್ರ. ಚೊಚ್ಚಲ ಹತ್ತಿ. ಇಷ್ಟು ದಪ್ಪ ಯಾರೂ ಹೊಲಿಯಂಗಿಲ್ಲ."

ಸಾಹೇಬರು ಪಕ್ಕದಲ್ಲಿದ್ದ ತಂಬಿಗೆಯನ್ನು ತೆಗೆದುಕೊಂಡು, ಅಂಗಿಯ ಒಂದು ತೋಳಿನ ಮೇಲೆ ನೀರನ್ನು ಸುರಿದರು. ನೆಲಕ್ಕೆ ಒಂದು ಹನಿಯೂ ಬೀಳಲಿಲ್ಲ. ಅರಳೆ ಅಷ್ಟನ್ನೂ ಕುಡಿದು, ತೋಳು ಸತ್ತ ಹಾವಿನಂತೆ ಜೋತುಬಿದ್ದಿತು.

"ನೋಡ್ರಿ. ಹಿಂಗ ಕುಡೀತದ. ಅಲ್ಲಿ ಮಳಿ ಹೇಳಿ ಕೇಳಿ ಬರಂಗಿಲ್ಲಮ್ಮಾ. ಒಂದ್ ಸಲ ನೆಂತಂದ್ರ ಇದು ಒಣಗಂಗಿಲ್ಲ. ಮೈಯಾಗಿನ ಕಾವೆಲ್ಲಾ ಹೀರಿ ಬಿಡ್ತದ. ಬರೇ ಮೈಲೆ ಇದ್ದೋನಾದ್ರೂ ಬದುಕ್ಯಾನು, ನೆಂದ ಹತ್ತಿ ಉಟ್ಟೋನು ಬದುಕಂಗಿಲ್ಲ. ಪಲ್ಟನ್‌ದಾಗ ನಮಗ ಮೊದಲ ಪಾಠ ಇದ. ಉಣ್ಣಿ ಹಂಗಲ್ಲ, ನೆಂದ್ರೂ ಬೆಚ್ಚಗ ಇಡ್ತದ. ದೇವನಕೊಂಡದ ಕುರುಬರ ಕಂಬಳಿ ಒಯ್ರಿ." ಆಮೇಲೆ, ಎಂದಿನಂತೆ ಹಾಸ್ಯಕ್ಕೆಂದು, "ಇದನ್ನ ಹಾಕ್ಕೊಂಡು ಹೋಗು ಅಂದೋರು ಯಾರಮ್ಮಾ ನಿಮಗ? ಯಾರೋ ದುಶ್ಮನ್ ಇರಬೇಕು!" ಎಂದು ಗಟ್ಟಿಯಾಗಿ ನಕ್ಕರು.

ಆ ನಗೆ ಪಡಸಾಲೆಯಲ್ಲಿ ಒಂಟಿಯಾಗಿ ಸುತ್ತಿ ನಿಂತಿತು. ಸಾಹೇಬರು ಒಬ್ಬೊಬ್ಬರ ಮುಖವನ್ನು ನೋಡಿದರು. ಏನೂ ತಿಳಿಯದೆ ಗಡ್ಡ ನೀವಿಕೊಂಡರು. ತಾಯಿ ಎದ್ದು ಒಳಗೆ ಹೋಗಿ, ಅವರಿಗೆ ಚಹ ತಂದುಕೊಟ್ಟರು. ಅವರು ಕುಡಿದು, ಸಲಾಮು ಹೇಳಿ ಹೊರಟುಹೋಗುವವರೆಗೂ ಆ ತಾಯಿ ಬಾಗಿಲ ಬಳಿ ನಿಂತೇ ಇದ್ದರು. ಆಮೇಲೆ ಮೈದುನರ ಕಡೆಗೆ ತಿರುಗಿದರು.

"ನಿನಗ ಗೊತ್ತಿತ್ತು."

ಮೈದುನರು ತಲೆಯೆತ್ತಲಿಲ್ಲ. ಮಾತು ತುಂಡುತುಂಡಾಗಿ ಬಂತು. ಋಷಿಕೇಶದಲ್ಲಿ ಎಲ್ಲರೂ ಕಂಬಳಿ ಕೊಂಡರು. ಮನೆಯ ಪದ್ಧತಿಯನ್ನು ಮುರಿದು ತಾವೂ ಒಂದನ್ನು ಕೊಂಡರು. ಹುಡುಗನಿಗೂ ಕೊಡಿಸಲು ಹೋದರು. "ಅವ ಒಲ್ಲೆ ಅಂದನ್ರಿ ಅತ್ತಿಗೀ. ಅವ್ವ ಹೊಲಿದದ್ದು ಐತಿ, ಇದನ್ನ ಮ್ಯಾಲ ಹೊದ್ರ ಅವ್ವಗ ಅವಮಾನ ಮಾಡಿದಂಗ ಅಂದ. ಮಳ್ಯಾಗ ಅಂಗಿ ನೆಂದು ಕಲ್ಲು ಆತು. ಬಿಚ್ಚೋಣು ಅಂದ್ರ ಕಸಿ ನೆಂದು ಬಿಗದಿದ್ದುವು. ನನ್ನ ಬೆರಳು ಸೆಟದಿದ್ದುವು. ನನ್ನ ಕಂಬಳಿ ಹೊದಿಸಿದೆ. ಆದ್ರ ಆವಾಗ..."

ತಾಯಿ ಕೇಳಿದ್ದು ನಾನು ನಿರೀಕ್ಷಿಸದ ಪ್ರಶ್ನೆ: "ಆ ಕಂಬಳಿ ಏನು ಮಾಡ್ದಿ?"

"ಹರದ್ವಾರದಾಗ ಹೊಳಿಗೆ ಬಿಟ್ಟೆ. ಮನಿಗೆ ತಂದ್ರ ನೀವು ಏನಂತೀರೋ ಅಂತ."

ಅವರು ಅಳಲಿಲ್ಲ. ಮೈದುನರನ್ನು ಬೈಯಲಿಲ್ಲ. ನೆಲದ ಮೇಲಿದ್ದ ಅಂಗಿಯನ್ನು ಮಡಿಸಿ, ನೆಂದ ತೋಳನ್ನು ಒಳಕ್ಕೆ ಹಾಕಿ, ಎದೆಗವಚಿಕೊಂಡು ಒಳಗೆ ಹೋದರು.

ಮಾರನೆಯ ಬೆಳಗ್ಗೆ ಬಿಲ್ವಪತ್ರೆಗೆಂದು ನಾನು ಬೆಟ್ಟದ ಕಡೆಗೆ ಹೋದೆ. ಪುಷ್ಯದ ಮಂಜು ಬಂಡೆಗಳ ನಡುವೆ ಇನ್ನೂ ಕರಗಿರಲಿಲ್ಲ. ಮೆಟ್ಟಿಲುಗಳ ಮೇಲೆ ನೀರಿನ ಗುರುತಿತ್ತು. ಯಾರೋ ತುಂಬಿದ ಕೊಡ ಹೊತ್ತು ಹತ್ತಿರಬೇಕೆಂದುಕೊಂಡು ಮೇಲೆ ನೋಡಿದೆ. ಆ ತಾಯಿ ಹತ್ತುತ್ತಿದ್ದರು. ಮೈಮೇಲೆ ಆ ಅಂಗಿ. ಬುಡದ ಕೊಳದಲ್ಲಿ ಅದನ್ನು ಪೂರ್ತಿ ಅದ್ದಿ, ಹಿಂಡದೆ ತೊಟ್ಟು, ಕಸೆಗಳನ್ನೆಲ್ಲ ಬಿಗಿದುಕೊಂಡಿದ್ದರು. ಪ್ರತಿ ಮೆಟ್ಟಿಲಿಗೂ ಕಾಲು ನಡುಗುತ್ತಿತ್ತು. ತುಟಿ ಕಪ್ಪಾಗಿತ್ತು. ಹೆಜ್ಜೆಗೊಂದು ಅಕ್ಷರ ಹೇಳುತ್ತಿದ್ದರು, ಹೆಸರು ನಡುವೆ ಕಡಿಯುತ್ತಿತ್ತು, ಆದರೂ ಕುಳಿತುಕೊಳ್ಳುತ್ತಿರಲಿಲ್ಲ.

ಓಡಿ ಹೋಗಿ ಅಡ್ಡ ನಿಂತೆ. ಅವರು ನನ್ನ ಮುಖವನ್ನು ನೋಡಿ, ಅಂಗಿಯ ಅಂಚನ್ನು ಎರಡೂ ಕೈಯಲ್ಲಿ ನನ್ನ ಕಡೆಗೆ ಚಾಚಿದರು.

"ಎತ್ತಿ ನೋಡ್ರಿ ಅಯ್ಯನೋರ. 'ಭಾರ ಆಕ್ಕೈತೇನು ಮಗನ?' ಅಂತ ಕೇಳಿದ್ದೆ ಹೊಂಟಾಗ. 'ಹೂವು ಇದ್ದಂಗ ಐತವ್ವ' ಅಂದಿದ್ದ. ಎತ್ತಿ ನೋಡ್ರಿ."

ಎತ್ತಿ ನೋಡಿದೆ. ಬಾವಿಯಿಂದ ಸೇದಿದ ತುಂಬು ಕೊಡದಂತೆ ಅದು ನನ್ನ ಕೈಯನ್ನು ಕೆಳಕ್ಕೆ ಜಗ್ಗಿತು.

"ಇದನ್ನ ಹೊತ್ತು ಅವ ಹತ್ಯಾನ್ರಿ. ನಾ ಕಟ್ಟಿದ ಕಸಿ. ಬಿಚ್ಚಾಕ ಬರಲಿಲ್ಲಂತ."

ಹುಟ್ಟಿನ ಕಾಲಕ್ಕೆ ಸಾವಿನ ಕಾಲವೂ ಗೊತ್ತಾಗಿರುತ್ತದೆ, ಮಿಕ್ಕಿದ್ದೆಲ್ಲ ನಿಮಿತ್ತಮಾತ್ರ, ಕೊಡುವವನೂ ಕರೆದುಕೊಳ್ಳುವವನೂ ಪರಶಿವನೇ ಎಂದು ನಾನು ನನ್ನ ಗುರುಗಳಿಂದ ಕಲಿತ ಮಾತುಗಳನ್ನು ಹೇಳತೊಡಗಿದೆ. ಅವುಗಳ ಮೇಲೆ ನನಗೆ ಅಂದೂ ನಂಬಿಕೆಯಿತ್ತು, ಇಂದೂ ಇದೆ. ಅವರು ವಿನಯದಿಂದಲೇ ಕೇಳಿದರು. ಈ ಸಲ ಎಳೆ ಜಗ್ಗುವಂತೆ ಮಾಡಲಿಲ್ಲ. ಕೈಮುಗಿದು, ಹಲ್ಲು ಕಟಕಟಿಸುತ್ತಲೇ ಹೇಳಿದರು: "ನೀವು ಹೇಳೋದು ಖರೇನ ಇರಬೇಕ್ರಿ. ಆದ್ರ ನಾ ಒಣಗಿದ ಮ್ಯಾಲ ಹೇಳ್ರಿ."

ನನ್ನ ಶಾಲನ್ನು ಹೊದಿಸಲು ಹೋದೆ. ಬೇಡವೆಂದು ಪಕ್ಕಕ್ಕೆ ಸರಿದು ಮುಂದಕ್ಕೆ ಹತ್ತಿದರು. ಅವರ ಹಿಂದೆ ನಾನೂ ಹತ್ತಿದೆ. ಮೇಲೆ ಹೋದ ಮೇಲೆ ಕಸೆ ಬಿಚ್ಚಲು ಬರಲಿಲ್ಲ. ನಾನು ಪೂಜೆಯ ಚೀಲದಲ್ಲಿದ್ದ ಚಾಕುವಿನಿಂದ ಕೊಯ್ಯಬೇಕಾಯಿತು.

ಅದಾದ ಮೇಲೆ ಹದಿನೈದು ದಿನ ಜ್ವರದಲ್ಲಿ ಮಲಗಿದರು. ಯಾತ್ರೆ ಇಲ್ಲಿಗೆ ಮುಗಿಯಿತೆಂದೇ ನಾನು ತಿಳಿದೆ. ತಾನು ಕೊಂದೆನೆಂದು ತಿಳಿದ ತಾಯಿ ಯಾವ ಮುಖ ಹೊತ್ತು ಅಲ್ಲಿಗೆ ಹೋದಾಳು? ಮೈದುನರೂ ಹಾಗೆಯೇ ತಿಳಿದು, ಕೋಲು ಬೂಟುಗಳನ್ನು ಅಟ್ಟಕ್ಕೆ ಹಾಕಿದ್ದರು. ಶಿವರಾತ್ರಿ ಕಳೆದು ಒಂದು ಮುಂಜಾನೆ ಅವರು ಅಟ್ಟ ಹತ್ತಿ ಎಲ್ಲವನ್ನೂ ಇಳಿಸಿಕೊಂಡರು. ಮತ್ತೆ ಬೆನ್ನಿಗೆ ಚೀಲ, ಮತ್ತೆ ಬೆಟ್ಟ. ಸೊಪ್ಪಿನ ಮುದುಕಿ ಏನೋ ಕೇಳಿದರೆ ಉತ್ತರ ಕೊಡುವುದನ್ನು ಮಾತ್ರ ಬಿಟ್ಟಿದ್ದರು. ದೇವನಕೊಂಡಕ್ಕೆ ಮೈದುನರನ್ನು ಕಳಿಸಿ ಕುರುಬರಲ್ಲಿ ಕಂಬಳಿ ನೇಯಿಸಿದರು. ತಲೆಮಾರುಗಳಲ್ಲಿ ಮೊದಲ ಸಲ ಆ ಮನೆಯ ಹೊಸಿಲನ್ನು ಉಣ್ಣೆ ದಾಟಿತು.

ವೈಶಾಖದಲ್ಲಿ ರೈಲು ಹತ್ತಿದರು. ಜೊತೆಗೆ ಮೈದುನರು, ಊರಿನ ಇನ್ನು ಕೆಲವರು. ಬೀಳ್ಕೊಡಲು ಬಂದ ಸಾಹೇಬರು ಸಾಮಾನನ್ನು ಇನ್ನೊಮ್ಮೆ ತೂಗಿ ನೋಡಿ ಹುಬ್ಬು ಗಂಟಿಕ್ಕಿದರು.

"ಅಮ್ಮಾ, ಒಬ್ಬರಿಗೆ ಎರಡು ಕಂಬಳಿ ಯಾಕ? ವಜನ್ ಆಗ್ತದ. ಒಂದು ಬಿಡ್ರಿ."

"ಒಂದು ಹೊಳ್ಳಿ ಬರಂಗಿಲ್ರಿ ಸಾಬ್ರ. ಹೋಗೋದಷ್ಟ," ಎಂದರು ಅವರು.

ಮಳೆ ಹಿಡಿಯುವ ಹೊತ್ತಿಗೆ ತಿರುಗಿ ಬಂದರು. ಮುಖ ಸುಟ್ಟು ಕಪ್ಪಾಗಿತ್ತು, ಮೈ ಅರ್ಧವಾಗಿತ್ತು, ಮೊಣಕಾಲಿಗೆ ಬಟ್ಟೆ ಕಟ್ಟಿಕೊಂಡಿದ್ದರು. ಮೈದುನರು ಬಾಗಿಲಲ್ಲೇ, "ಒಂದು ಕಡೀನೂ ಹೊರಿಸ್ಕೊಳ್ಳಲಿಲ್ರಿ ಅಯ್ಯನೋರ. ಒಂದು ಕಡೀನೂ," ಎಂದು ಹೇಳಿ ಕಣ್ಣೊರಸಿಕೊಂಡರು. ಒಳಗೆ ಹೋದೆ. ಬಿಳಿಯ ದುಪ್ಪಟಿಯ ಬದಲು ನನಗಾಗಿ ಕಂಬಳಿ ಹಾಸಿತ್ತು. ಒಂದೇ ಕಂಬಳಿ.

ಬೆಟ್ಟದ ಮೇಲೆ ಅರ್ಧಕ್ಕೆ ನಿಂತ ಮಾತುಗಳನ್ನು ಈಗ ಅವರು ಕೇಳಿಯಾರೆಂದು ನಾನು ಮನಸ್ಸಿನಲ್ಲಿ ಸಿದ್ಧನಾಗಿಯೇ ಹೋಗಿದ್ದೆ. ಕೇಳಲಿಲ್ಲ. ಆಮೇಲೆಯೂ ಎಂದೂ ಕೇಳಲಿಲ್ಲ. ಕೇದಾರದ ಭಸ್ಮವನ್ನು ನನ್ನ ಕೈಗಿತ್ತು, ಪಾದಕ್ಕೆ ನೀರೆರೆದು, ಎದುರಿಗೆ ಕುಳಿತರು. ದರ್ಶನ ಹೇಗಾಯಿತೆಂದೆ. ಚೆನ್ನಾಯಿತೆಂದರು. ಮೇಲಿನ ದಾರಿ? ಅವರು ಕಂಬಳಿಯ ಮಡಚಿದ್ದ ಅಂಚನ್ನು ಬಿಡಿಸಿದರು.

"ಕಲ್ಲು ಒಟ್ಟಿದ್ದು ಹಂಗ ಇದ್ದುವ್ರಿ. ಕಂಬಳಿ ಹೊದಿಸಿದೆ. ಗಾಳಿಗೆ ಹಾರಬಾರ್ದಂತ ಸುತ್ತಾ ಕಲ್ಲು ಹೇರಿದೆ. ಕಸಿ ಪಸಿ ಏನೂ ಕಟ್ಟಲಿಲ್ಲ." ಹೆಬ್ಬೆರಳು ತೋರುಬೆರಳುಗಳು ತಾವಾಗಿ ಕೂಡಿಕೊಂಡು, ಇಲ್ಲದ ಎಳೆಯೊಂದನ್ನು ಮೆಲ್ಲನೆ ಜಗ್ಗಿದವು. "ಅದು ಹುಲ್ಲುಗಾವಲ್ರಿ, ಅಯ್ಯನೋರ. ಎಲ್ಲಿ ನೋಡಿದ್ರೂ ಕುರಿ. ಬಿಳೇವು, ಕರೇವು. ಒಂದು ಬಂದು ಅವನ ಕಲ್ಲಿಗೆ ಮೈ ತಿಕ್ಕಿ ಹೋತು, ಸಂದ್ಯಾಗ ಉಣ್ಣಿ ಸಿಕ್ಕೊಂಡಿತ್ತು. ಅಷ್ಟು ಉಣ್ಣಿ ಅವನ ಸುತ್ತಾನ ಮೇಯಾಕತ್ತಿತ್ರಿ."